ಯಾರ ಹಂಗಿಲ್ಲದ ಗಾಳಿ

ಗಾಳಿ ಬಿಟ್ಟಿ ಸಿಗುತ್ತದೆ ಎಂದು ನಂಬಿದವರು ನನ್ನ ಹಾಗೆ ಒಂದು ಗಾಳಿ ಬಂದೂಕು ಕೊಂಡು ನೋಡಬೇಕು. ಕೊಪ್ಪಳದಲ್ಲಿ ಗಾಳಿಗೇನೂ ಕೊರತೆಯಿಲ್ಲ. ಆಷಾಢ ಬಂತೆಂದರೆ ಭಾಗ್ಯನಗರದ ನನ್ನ ಬಾಡಿಗೆ ಮನೆಯ ಹಿತ್ತಲಿನ ತಗಡು ದಿನವಿಡೀ ಬಡಿದುಕೊಳ್ಳುತ್ತದೆ, ಒಣಹಾಕಿದ ಸೀರೆ ಪಕ್ಕದ ಓಣಿಯಲ್ಲಿ ಸಿಗುತ್ತದೆ. ಆದರೆ ಅದೇ ಗಾಳಿಯನ್ನು ಹಿಡಿದು, ಕಾರಿನ ಟೈರಿನಲ್ಲಿರುವುದಕ್ಕಿಂತ ಸುಮಾರು ನೂರು ಪಟ್ಟು ಬಿಗಿಯಾಗಿ ಒತ್ತಿ, ಬಂದೂಕಿನ ನಳಿಗೆಯ ಕೆಳಗಿರುವ ಕೊಳವೆಯೊಳಗೆ ತುಂಬಿಸಬೇಕು ಎಂದಾಗ ಅದರಷ್ಟು ದುಬಾರಿ ಪದಾರ್ಥ ಇನ್ನೊಂದಿಲ್ಲ ಅನಿಸಿತು. ಒಂದು ಇಡೀ ಬೇಸಿಗೆ ನನ್ನ ತಲೆ ತಿಂದದ್ದು ಬಂದೂಕಲ್ಲ, ಅದಕ್ಕೆ ಬೇಕಾದ ಗಾಳಿ.

ಈ ಹುಚ್ಚು ಹತ್ತಿದ್ದು ತೊಂಬತ್ತೇಳರಲ್ಲಿ. ಆಗ ನಾನು ಕಾಲೇಜಿನ ಎನ್‌ಸಿಸಿಯಲ್ಲಿದ್ದೆ. ಒಂದು ಶಿಬಿರದಲ್ಲಿ ನಮ್ಮನ್ನೆಲ್ಲ ಮರಳು ಚೀಲದ ಹಿಂದೆ ಬೋರಲು ಮಲಗಿಸಿ ಕೈಗೆ ರೈಫಲ್ ಕೊಟ್ಟರು. ಉಳಿದ ಹುಡುಗಿಯರು ಸದ್ದಿಗೆ ಹೆದರಿ ಕಣ್ಣು ಮುಚ್ಚಿದರು. ನನಗೆ ಮಾತ್ರ ಹುಟ್ಟಿದಾಗಿನಿಂದ ಯಾರೂ ಕೊಡದಿದ್ದ ಒಂದು ನೆಮ್ಮದಿ ಸಿಕ್ಕಿತು. ಉಸಿರು ಹಿಡಿದು ಗುರಿಯಿಡುವ ಆ ಒಂದು ಗಳಿಗೆಯಲ್ಲಿ ಯಾರೂ ನನ್ನನ್ನು ಏನೂ ಕೇಳುವಂತಿಲ್ಲ, ನಾನೂ ಯಾರನ್ನೂ ಏನೂ ಕೇಳಬೇಕಾಗಿಲ್ಲ. ನನ್ನ ಗುಂಡುಗಳು ಒಂದು ರೂಪಾಯಿಯ ನಾಣ್ಯ ಮುಚ್ಚುವಷ್ಟು ಜಾಗದಲ್ಲಿ ಬಿದ್ದಿದ್ದವು. ತರಬೇತಿ ಕೊಡುತ್ತಿದ್ದ ಹವಾಲ್ದಾರರು ಗುರಿಹಲಗೆಯನ್ನೂ ನನ್ನನ್ನೂ ಒಂದೆರಡು ಸಲ ನೋಡಿ ಮುಂದಿನ ಹುಡುಗಿಯ ಕಡೆ ಹೋದರು. ಆಮೇಲೆ ಓದು ಮುಗಿಯಿತು, ಸರ್ಕಾರಿ ನೌಕರಿ ಸಿಕ್ಕಿತು, ಕುಷ್ಟಗಿಯಲ್ಲಿ ಒಂದಷ್ಟು ವರ್ಷ, ಯಲಬುರ್ಗಾದಲ್ಲಿ ಇನ್ನಷ್ಟು ವರ್ಷ ಫೈಲು ತಿರುವಿದೆ. ಆ ನೆಮ್ಮದಿ ಮತ್ತೆ ಸಿಗಲಿಲ್ಲ.

ನಾನು ಮದುವೆಯಾಗಲಿಲ್ಲ. ಬಂದ ಸಂಬಂಧಗಳನ್ನೆಲ್ಲ ನಾನೇ ಬೇಡವೆಂದೆ, ಮೂವತ್ತೈದು ದಾಟಿದ ಮೇಲೆ ಕೇಳುವವರೂ ಸುಮ್ಮನಾದರು. ಅದರ ಬಗ್ಗೆ ನನಗೆ ಕೊರಗಿಲ್ಲ. ಆದರೆ ಒಂಟಿತನ ಇಲ್ಲವೆಂದರೆ ಸುಳ್ಳಾಗುತ್ತದೆ. ಸಂಜೆ ಯಲಬುರ್ಗಾದ ಬಸ್ಸಿಳಿದು ಬಂದು ಬೀಗ ತೆಗೆದರೆ, ಬೆಳಿಗ್ಗೆ ನಾನು ಕುಡಿದಿಟ್ಟ ಚಹಾದ ಲೋಟ ಇಟ್ಟಲ್ಲೇ ಇರುತ್ತಿತ್ತು. ಅದನ್ನೇ ತೊಳೆದು ಮತ್ತೆ ಚಹಾ ಹಾಕಿಕೊಳ್ಳುತ್ತಿದ್ದೆ. ಲೋಟವನ್ನು ಯಾರಾದರೂ ಸರಿಸಿದ್ದರೆ ಜಗಳವಾಡುತ್ತಿದ್ದೆನೋ ಏನೋ, ನನ್ನ ಸ್ವಭಾವವೇ ಹಾಗೆ.

ಆ ಸ್ವಭಾವದ ಬಗ್ಗೆಯೂ ಹೇಳಬೇಕು. ನನಗೆ ಯಾರ ಹಂಗೂ ಆಗಿಬರುವುದಿಲ್ಲ. ಸಣ್ಣ ಊರಲ್ಲಿ ಒಂಟಿ ಹೆಂಗಸು ಬದುಕುವುದೆಂದರೆ ದಿನಕ್ಕೊಬ್ಬರನ್ನು ಕರೆಯುತ್ತಿರುವುದೇ. ಗ್ಯಾಸ್ ಸಿಲಿಂಡರ್ ಎತ್ತಿಡಲು ಒಬ್ಬರು, ನೀರಿನ ಮೋಟಾರು ಕೆಟ್ಟರೆ ಒಬ್ಬರು, ಎತ್ತರದ ಬಲ್ಬು ಬದಲಿಸಲು ಒಬ್ಬರು. ಬಂದವರು ಕೆಲಸಕ್ಕಿಂತ ಮೊದಲು ಮನೆಯೊಳಗೆಲ್ಲ ಕಣ್ಣಾಡಿಸಿ, ಒಬ್ಬರೇ ಇರುತ್ತೀರಾ ಎಂದು ಕೇಳುತ್ತಾರೆ. ಅವರು ಕೇಳುವುದರಲ್ಲಿ ಕೆಟ್ಟದ್ದೇನಿಲ್ಲ, ಆದರೂ ನನಗೆ ಮೈ ಉರಿಯುತ್ತಿತ್ತು. ಹಾಗಾಗಿ ನಲವತ್ತು ದಾಟಿದ ಮೇಲೆ, ಯಾರನ್ನೂ ಕೇಳದೆ ಮಾಡಬಹುದಾದ ಒಂದೇ ಒಂದು ಕೆಲಸ ನನ್ನದಾಗಿರಲಿ ಎಂದು ಹಟ ತೊಟ್ಟೆ. ಅದು ಗುರಿ ಹೊಡೆಯುವುದೇ ಆಗಿರಲಿ ಎಂದು ನಿರ್ಧರಿಸಿದೆ.

ಹುಬ್ಬಳ್ಳಿಯ ಅಂಗಡಿಯಲ್ಲಿ ಗುರುತಿನ ಚೀಟಿಯ ನಕಲು ಕೊಟ್ಟು, ಪರವಾನಗಿ ಬೇಡದ ಸಣ್ಣ ಗಾಳಿ ರೈಫಲ್ ತಂದೆ. ಸ್ಪ್ರಿಂಗಿನದು ಬೇಡವೆಂದೆ. ಹೊಡೆದಾಗ ಅದು ಒದೆಯುತ್ತದೆ, ಗುರಿ ಅಲುಗುತ್ತದೆ. ನನಗೆ ಬೇಕಾಗಿದ್ದದ್ದು ಮೊದಲೇ ಗಾಳಿ ತುಂಬಿಟ್ಟುಕೊಳ್ಳುವ ಜಾತಿ. ಕುದುರೆ ಎಳೆದರೆ ತುಂಬಿದ್ದರಲ್ಲಿ ಒಂದಿಷ್ಟು ಗಾಳಿ ಹೊರಬಂದು ಛರ್ರೆಯನ್ನು, ಅಂದರೆ ಸೀಸದ ಪುಟ್ಟ ಗುಂಡನ್ನು, ತಳ್ಳುತ್ತದೆ, ಭುಜಕ್ಕೆ ಗೊತ್ತೂ ಆಗುವುದಿಲ್ಲ. ನನ್ನ ಮನೆ ರೈಲು ಡಬ್ಬಿಯ ಹಾಗೆ ಉದ್ದ, ಬೀದಿ ಬಾಗಿಲಿನಿಂದ ಅಡುಗೆಮನೆಯ ಗೋಡೆಗೆ ಹತ್ತು ಮೀಟರಿಗೆ ಕಡಿಮೆಯಿಲ್ಲ. ಬೊಂಬೆಗಳಿಗೆ ಹೆಸರಾದ ಕಿನ್ನಾಳದ ಬಡಿಗರೊಬ್ಬರಿಂದ ದಪ್ಪ ಹಲಗೆಯ ಪೆಟ್ಟಿಗೆ ಮಾಡಿಸಿ, ಹಿಂದೆ ಕಬ್ಬಿಣದ ತಗಡು ಜಡಿಸಿ, ಒಳಗೆ ಹಳೆ ಬಟ್ಟೆ ಗಿಡಿದು ಅಡುಗೆಮನೆಯ ಗೋಡೆಗೆ ಆನಿಸಿದೆ. ಬೊಂಬೆ ಇಡಲಿಕ್ಕೆ ಏನ್ರಿ ಎಂದು ಅವರು ಕೇಳಿದರು. ಹೌದೆಂದೆ.

ಬಂದೂಕು ಬಂತು, ಗುರಿ ಬಂತು, ಗಾಳಿ ಮಾತ್ರ ಇರಲಿಲ್ಲ. ವಿಷಯ ಹೇಗೋ ನಾಲ್ಕು ಕಿವಿಗೆ ಬಿದ್ದು, ಕೇಳದಿದ್ದರೂ ಸಲಹೆಗಳು ಬಂದವು. ಓಣಿಯ ತುದಿಯ ಪಂಕ್ಚರ್ ಅಂಗಡಿಯವನು, ಲಾರಿ ಟೈರಿಗೇ ತುಂಬುತ್ತೇನೆ, ನಿಮ್ಮ ಬಂದೂಕು ಯಾವ ಲೆಕ್ಕ, ತನ್ನಿ ಎಂದ. ಅವನ ಯಂತ್ರದ ಗಾಳಿ ಇದಕ್ಕೆ ಉಗುರಿನ ಸಂದಿಗೂ ಸಾಲದೆಂದು ಹೇಳಿದ್ದಕ್ಕೆ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಕಚೇರಿಯ ಒಬ್ಬರು ಇನ್ನೂ ಜಾಣರು. ಆಸ್ಪತ್ರೆಯ ಆಕ್ಸಿಜನ್ ಸಿಲಿಂಡರಿನಿಂದ ತುಂಬಿಸಿ ಎಂದರು. ಒಳಗಿನ ಎಣ್ಣೆಯ ಪಸೆಗೆ ಶುದ್ಧ ಆಮ್ಲಜನಕ ತಗುಲಿದರೆ ಬಂದೂಕು ಸಿಡಿದು ನನ್ನ ಮುಖವೇ ಉಳಿಯುವುದಿಲ್ಲ ಎಂದೆ. ಹೌದೇ ಎಂದು ಚಹಾ ಕುಡಿದರು.

ನಿಜವಾಗಿ ನನ್ನೆದುರಿಗಿದ್ದ ದಾರಿಗಳು ಮೂರೇ. ಮೊದಲನೆಯದು, ಸಮುದ್ರದಲ್ಲಿ ಮುಳುಗುವವರು ಬೆನ್ನಿಗೆ ಕಟ್ಟಿಕೊಳ್ಳುವಂಥ ದೊಡ್ಡ ಸಿಲಿಂಡರ್. ಅದರಿಂದ ಬಂದೂಕಿಗೆ ಒಂದು ನಿಮಿಷದಲ್ಲಿ ಗಾಳಿ ಇಳಿಯುತ್ತದೆ, ಮೈಗೆ ಬೆವರಿಲ್ಲ. ಆದರೆ ಖಾಲಿಯಾದರೆ ತುಂಬಿಸಿಕೊಡುವವರು ನಮ್ಮ ಕಡೆ ಯಾರಿದ್ದಾರೆ? ಮುರುಡೇಶ್ವರದ ಕಡೆ ಮುಳುಗುವವರಿಗೆ ತುಂಬಿಕೊಡುತ್ತಾರೆಂದು ಕೇಳಿದ್ದೆ. ಕೊಪ್ಪಳದ ಹೆಂಗಸು ಗಾಳಿ ತರಲು ಘಟ್ಟ ಇಳಿದು ಹೋದಳೆಂದರೆ ಜನ ನಗದೇ ಬಿಡುತ್ತಾರೆಯೇ? ಅದನ್ನು ಎತ್ತಿ ಇಳಿಸಲು, ವಾಹನಕ್ಕೆ ಹಾಕಲು ಪ್ರತಿ ಸಲವೂ ಒಬ್ಬ ಗಂಡಸು ಬೇಕು. ಎರಡನೆಯದು, ಕರೆಂಟಿನ ಪುಟ್ಟ ಕಂಪ್ರೆಸರ್. ಇದರ ವಕೀಲಿ ವಹಿಸಿದ್ದು ಕುಷ್ಟಗಿಯ ಭಾವ, ಅಂದರೆ ನನ್ನ ಅಕ್ಕನ ಗಂಡ. ಗುಂಡಿ ಒತ್ತಿದರೆ ಮುಗಿಯಿತು, ನಾನೇ ಕೊಡಿಸುತ್ತೇನೆ, ಕೆಟ್ಟರೆ ನಾನೇ ಬಂದು ರಿಪೇರಿ ಮಾಡಿಸುತ್ತೇನೆ ಎಂದ. ಅವನು ನಾನೇ ನಾನೇ ಎಂದಷ್ಟೂ ನನಗೆ ಆ ಯಂತ್ರ ಬೇಡವಾಯಿತು. ಅದೂ ಅಲ್ಲದೆ ಅದು ಹಾಕುವ ಸದ್ದಿಗೆ ಓಣಿಯೆಲ್ಲ ನನ್ನ ಬಾಗಿಲಿಗೆ ಬರುತ್ತಿತ್ತು.

ಮೂರನೆಯದು ಕೈಪಂಪು. ಸೈಕಲ್ ಪಂಪಿನ ದೊಡ್ಡಣ್ಣ. ಅದರ ಪಾದದ ಪಟ್ಟಿಯ ಮೇಲೆ ನಿಂತು ಹಿಡಿಕೆಯನ್ನು ಎದೆಯವರೆಗೂ ಎಳೆದು ಕೆಳಗೆ ಒತ್ತುತ್ತಾ ಹೋಗಬೇಕು. ಕರೆಂಟು ಬೇಡ, ಘಟ್ಟ ಬೇಡ, ಭಾವ ಬೇಡ. ಅಕ್ಕ ಫೋನಿನಲ್ಲಿ, "ಲಗ್ನ ಬ್ಯಾಡಂದಿ, ಮಷೀನೂ ಬ್ಯಾಡಂತಿ. ನಿನಗ ಏನರ ಬೇಕಂತ ಐತೋ ಇಲ್ಲೋ?" ಎಂದಳು. ಪಂಪು ಬೇಕು ಎಂದೆ. ಜಗತ್ತಿನಲ್ಲಿ ಎಲ್ಲರೂ ಗಾಳಿಯ ವ್ಯವಸ್ಥೆಯನ್ನು ಬೆಲೆ ನೋಡಿ, ವೇಗ ನೋಡಿ, ಬಾಳಿಕೆ ನೋಡಿ ಆರಿಸುತ್ತಾರೆ. ನಾನು ಯಾರನ್ನು ಕೇಳಬೇಕಾಗುತ್ತದೆ ಎಂದಷ್ಟೇ ನೋಡಿ ಆರಿಸಿದೆ.

ಎಲ್ಲವನ್ನೂ ಅಳೆದು ತೂಗಿದವಳು ನನ್ನನ್ನೇ ತೂಗಿಕೊಳ್ಳಲಿಲ್ಲ. ಮೊದಲ ಭಾನುವಾರ ಬಾಗಿಲು ಹಾಕಿ, ಬಂದೂಕನ್ನು ಚಾಪೆಯ ಮೇಲೆ ಮಲಗಿಸಿ, ಪೈಪು ಜೋಡಿಸಿ ಒತ್ತತೊಡಗಿದೆ. ಮೊದಮೊದಲು ಹಗುರಾಗಿಯೇ ಹೋಯಿತು. ಬಂದೂಕಿಗೆ ಗಡಿಯಾರದಂಥ ಒಂದು ಮಾಪಕ, ಅದರಲ್ಲಿ ಒಂದು ಮುಳ್ಳು. ಮುಳ್ಳು ಹಸಿರು ಪಟ್ಟಿಯ ಕೊನೆ ಮುಟ್ಟಿದರೆ ತುಂಬಿದಂತೆ. ಅರ್ಧ ದಾಟಿದ್ದೇ ಹಿಡಿಕೆ ಬಿಗಿಯಿತು. ಪಂಪಿನ ಬುಡ ಕಾಯ್ದು ಬಿಸಿಯಾಯಿತು. ಕೂತು, ಆರಿಸಿ, ಒಳಗಿನ ಪಸೆ ಟುಸ್ಸೆಂದು ಹೊರಬಿಟ್ಟು ಮತ್ತೆ ಒತ್ತಿದೆ. ಕೊನೆಗೆ ಹಿಡಿಕೆಯ ಮೇಲೆ ಹೊಟ್ಟೆ ಊರಿ ಪೂರ್ತಿ ಜೋತುಬಿದ್ದೆ. ಹಿಡಿಕೆ ಇಳಿಯಲಿಲ್ಲ, ನನ್ನ ಪಾದಗಳೇ ಮೇಲೆದ್ದವು. ಸಪೂರ ದೇಹ ಎಂದು ಜೀವನವಿಡೀ ಜಂಬಪಟ್ಟಿದ್ದಕ್ಕೆ ಆ ದಿನ ಸರಿಯಾಗಿ ಆಯಿತು.

ಹಸಿರು ಪಟ್ಟಿಯ ಹೊಸ್ತಿಲಲ್ಲಿ ಮುಳ್ಳು ನಿಂತುಬಿಟ್ಟಿತು. ಅಷ್ಟು ಗಾಳಿಗೆ ಒಂದು ಹತ್ತು ಹನ್ನೆರಡು ಛರ್ರೆ ನೆಟ್ಟಗೆ ಹೋಗುತ್ತಿದ್ದವು, ಆಮೇಲಿನವು ಕೆಳಗೆ ಜಾರುತ್ತಿದ್ದವು. ಮನಸ್ಸು ಆಗಷ್ಟೇ ನಿಲ್ಲುತ್ತಾ ಬಂದಿರುತ್ತಿತ್ತು, ಗಾಳಿ ಮುಗಿದಿರುತ್ತಿತ್ತು. ಹೀಗೇ ಎರಡು ಮೂರು ತಿಂಗಳು ಕಳೆದೆ. ಒತ್ತಿದ್ದಕ್ಕೆ ಅರ್ಧ ದಿನ, ಹೊಡೆದದ್ದು ಒಂದು ಗಳಿಗೆ. ಚಿಕ್ಕಂದಿನಲ್ಲಿ ಓಣಿಯ ಬೋರಿಂಗಿಗೆ ಅಕ್ಕನೂ ನಾನೂ ಜೋಡಿಯಾಗಿ ಜೋತುಬಿದ್ದು ನೀರು ಹೊಡೆಯುತ್ತಿದ್ದದ್ದು ನೆನಪಾಗುತ್ತಿತ್ತು. ಅಕ್ಕ ಹಾರಿ ಹಿಡಿಕೆ ಹಿಡಿದರೆ ನಾನು ಅವಳ ನಡು ಹಿಡಿಯುತ್ತಿದ್ದೆ. ಈಗ ಅಕ್ಕನಿಗೆ ಮೊಣಕಾಲು ನೋವು, ನನಗೆ ಹಟ.

ಓಣಿಯವರೆಲ್ಲ ವೈನಿ, ಅಂದರೆ ಅತ್ತಿಗೆ, ಎಂದು ಕರೆಯುತ್ತಿದ್ದ ಪಕ್ಕದ ಮನೆಯವಳು ಬಾಗಿಲು ಬಡಿದದ್ದು ಅಂಥದ್ದೊಂದು ಭಾನುವಾರ. ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವಳು, ಇರಕಲ್ಲಗಡದ ಒಕ್ಕಲು ಮನೆತನದ ಮಗಳು. ಗಂಡ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಫಿಟ್ಟರ್, ವಾರಕ್ಕೊಮ್ಮೆ ಬರುತ್ತಿದ್ದ. ನಮ್ಮ ಓಣಿಯ ಹಲವು ಹೆಂಗಸರಂತೆ ಇವಳೂ ಮನೆಯಲ್ಲೇ ಕೂತು ಕೂದಲು ಬಿಡಿಸುವ ಕೆಲಸ ಮಾಡುತ್ತಿದ್ದಳು. ಎಲ್ಲೆಲ್ಲಿಂದಲೋ ಚೀಲಗಟ್ಟಲೆ ಬಂದ ಸಿಕ್ಕುಗಟ್ಟಿದ ಕೂದಲ ಉಂಡೆಗಳನ್ನು ಎಳೆ ಎಳೆಯಾಗಿ ಬಿಡಿಸಿ ಕೊಡುವುದು. ಅಷ್ಟು ದಿನ ನಮ್ಮಿಬ್ಬರ ನಡುವೆ ಊಟ ಆಯಿತೇ ಎಂಬುದಕ್ಕಿಂತ ಹೆಚ್ಚಿನ ಮಾತಿರಲಿಲ್ಲ. "ಅಕ್ಕಾರ, ವಾರಾ ವಾರಾ ಏನ್ ಕುಟ್ಟಾಕತ್ತೀರಿ ಒಳಗ?" ಎಂದಳು. ಬಾಗಿಲು ಹಾಕಿಕೊಳ್ಳುವಷ್ಟರಲ್ಲಿ ಒಳಗೆ ಬಂದಿದ್ದಳು.

ಬಂದೂಕು ನೋಡಿ ಹೆದರಲಿಲ್ಲ. ಪಂಪು ನೋಡಿ ನಕ್ಕಳು. ಮುಳ್ಳು ಎಲ್ಲಿಗೆ ಬರಬೇಕೆಂದು ಕೇಳಿದಳು, ತೋರಿಸಿದೆ. ನಾನು ಬೇಡ ಅನ್ನುತ್ತಿದ್ದಂತೆಯೇ ಸೆರಗು ಸಿಕ್ಕಿಸಿಕೊಂಡು ನನ್ನೆದುರು ನಿಂತು, ನನ್ನ ಕೈಗಳ ಮೇಲೆ ತನ್ನ ಕೈಯಿಟ್ಟಳು. ಎಳೆದಾಗ ಹೂಂ ಎಂದಳು, ಒತ್ತಿದಾಗ ಹಾಂ ಎಂದಳು. ಹಿಡಿಕೆ ಇಳಿಯಿತು. ನಡುನಡುವೆ ಪಂಪು ಆರಲು ಬಿಟ್ಟು ನೀರು ಕುಡಿದೆವು. ಸ್ವಲ್ಪ ಹೊತ್ತಿಗೆ ಮುಳ್ಳು ಹಸಿರು ಪಟ್ಟಿಯ ಕೊನೆಗೆ ಬಂದು ನಿಂತಿತು. ಆ ದಿನ ಅವಳು ಹೋದ ಮೇಲೆ ಮನಸ್ಸು ತುಂಬುವಷ್ಟು ಹೊಡೆದೆ. ಶಿಬಿರದ ಆ ಗಳಿಗೆ ಮತ್ತೆ ಸಿಕ್ಕಿತು. ಆದರೆ ಕೈ ಮೇಲೆ ಇನ್ನೊಬ್ಬರ ಕೈಯ ಬಿಸಿ ಇನ್ನೂ ಇದ್ದ ಹಾಗಿತ್ತು.

ಅಲ್ಲಿಗೆ ಸುಮ್ಮನಿರದೆ ನಾನು ನನ್ನ ಬುದ್ಧಿ ತೋರಿಸಿದೆ. ಹಂಗು ಉಳಿಯಬಾರದೆಂದು ಮರುದಿನವೇ ಬುಟ್ಟಿ ತುಂಬ ಪೇರಲ ಹಣ್ಣು ಕೊಂಡು ಅವಳ ಮನೆಗೆ ಮುಟ್ಟಿಸಿ, ನಿನ್ನೆಯದಕ್ಕೆ ಎಂದು ಹೇಳಿ ಬಂದೆ. ಸಂಜೆ ಬಂದು ನೋಡಿದರೆ ಬುಟ್ಟಿ ನನ್ನ ಕಟ್ಟೆಯ ಮೇಲಿತ್ತು. ಒಂದು ಹಣ್ಣೂ ಕಡಿಮೆಯಾಗಿರಲಿಲ್ಲ. ಕೇಳಲು ಹೋದರೆ ಅವಳು ಕೂದಲಿನಿಂದ ತಲೆಯೆತ್ತದೆ, "ಮುಯ್ಯಿಗೆ ಬಂದಾಕಿಗೆ ಯಾರರ ಬುಟ್ಟಿ ಕೊಡ್ತಾರೇನ್ರಿ ಅಕ್ಕಾರ? ಹಣ್ಣ ಬ್ಯಾಡ್ರಿ. ನಿಮ್ಮ ಕೈ ಬೇಕ" ಎಂದಳು.

ಮುಯ್ಯಿ ನನಗೆ ಗೊತ್ತಿಲ್ಲದ ಪದವೇನಲ್ಲ. ಕಳೆ ತೆಗೆಯುವಾಗ, ರಾಶಿ ಮಾಡುವಾಗ ನಮ್ಮ ಕಡೆಯ ಒಕ್ಕಲು ಮನೆಯವರು ಒಬ್ಬರ ಹೊಲಕ್ಕೊಬ್ಬರು ಮುಯ್ಯಾಳಾಗಿ ಹೋಗುತ್ತಾರೆ. ಇವತ್ತು ನೀನು ನನ್ನ ಹೊಲಕ್ಕೆ, ನಾಳೆ ನಾನು ನಿನ್ನ ಹೊಲಕ್ಕೆ. ಕೂಲಿಯ ಮಾತೇ ಇಲ್ಲ, ಮೈಯಿಂದ ಮಾಡಿದ್ದನ್ನು ಮೈಯಿಂದಲೇ ತೀರಿಸಬೇಕು. ಆದರೆ ನಮ್ಮಪ್ಪ ನೌಕರಿಯವರು. ಹೊಲವನ್ನು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಾಕಿದ್ದರು. ನಮ್ಮ ಮನೆಯಿಂದ ಯಾರೂ ಯಾರ ಹೊಲಕ್ಕೂ ಮುಯ್ಯಿಗೆ ಹೋದವರಲ್ಲ, ಕೆಲಸ ಮಾಡಿದವರಿಗೆ ಕೊಟ್ಟು ಕಳಿಸಿ ಬಾಗಿಲು ಹಾಕಿಕೊಂಡವರು. ಆ ಬುಟ್ಟಿ ಕೊಟ್ಟು ನಾನು ಅವಳನ್ನು ಕೂಲಿಯವಳನ್ನಾಗಿ ಮಾಡಿದ್ದೆ. ಅಲ್ಲೇ ಅವಳ ಎದುರಿಗೆ ಕೂತು ಒಂದು ಉಂಡೆ ಕೈಗೆತ್ತಿಕೊಂಡೆ.

ಅಲ್ಲಿಂದ ಭಾನುವಾರಗಳಿಗೆ ಒಂದು ಕ್ರಮ ಬಂತು. ಬೆಳಿಗ್ಗೆ ಅವಳು ನನ್ನ ಮನೆಗೆ ಗಾಳಿಗೆ, ಮಧ್ಯಾಹ್ನ ನಾನು ಅವಳ ಪಡಸಾಲೆಗೆ ಕೂದಲಿಗೆ. ಕೂದಲಿನ ಕೆಲಸ ನಾನಂದುಕೊಂಡಷ್ಟು ಸುಲಭವಿರಲಿಲ್ಲ. ಎಳೆದರೆ ಹರಿಯುತ್ತದೆ, ಬಿಟ್ಟರೆ ಮತ್ತೆ ಸಿಕ್ಕಾಗುತ್ತದೆ, ಧೂಳಿಗೆ ಸೀನು ಬರುತ್ತದೆ. ನನ್ನ ಪಾಲಿನ ಉಂಡೆಯನ್ನು ಅವಳು ಎರಡನೇ ಸಲ ಬಿಡಿಸುತ್ತಿದ್ದದ್ದನ್ನು ನಾನು ನೋಡಿಯೂ ನೋಡದಂತಿದ್ದೆ. ಯಾರ ತಲೆಯ ಕೂದಲೋ, ಯಾವ ಊರಿನ ಹೆಂಗಸೋ ಬಾಚಿ ಸುತ್ತಿ ಎಸೆದದ್ದು. ಅದನ್ನು ಹಿಡಿದುಕೊಂಡು ನಾವಿಬ್ಬರು ಎದುರುಬದುರು ಕೂತಿರುತ್ತಿದ್ದೆವು. ಅವಳು ಒಮ್ಮೆಯೂ ನಾನು ಯಾಕೆ ಒಬ್ಬಳೇ ಇದ್ದೇನೆ ಎಂದು ಕೇಳಲಿಲ್ಲ. ಒಮ್ಮೆ ಕೇಳಲಿ ಅನಿಸುತ್ತಿತ್ತು ನನಗೆ. ಬಂದೂಕು ಹೊಡೆದು ನೋಡು ಎಂದು ಕರೆದರೆ, ಗಾಳಿ ನಿಮ್ಮದು, ಒತ್ತುವುದಷ್ಟೇ ನನ್ನದು ಎನ್ನುತ್ತಿದ್ದಳು.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಅವಳ ಗಂಡನಿಗೆ ಗಿರಣಿಯವರು ಗಂಗಾವತಿಯಲ್ಲೇ ಮನೆ ಕೊಟ್ಟರು. ಸಂಸಾರವೆಲ್ಲ ಒಂದೇ ಕಡೆ ಸೇರುವುದು ಒಳ್ಳೆಯ ಸುದ್ದಿ, ಒಳ್ಳೆಯದಾಯಿತು ಎಂದೆ. ಮನೆಗೆ ಬಂದು ಅಡುಗೆ ಮಾಡದೆ ಮಲಗಿದೆ. ಸಾಮಾನು ಸಾಗಿಸುವ ದಿನ ಟೆಂಪೋ ಬಾಗಿಲಿಗೆ ಬಂದು ನಿಂತಿತ್ತು. ಅವಳು ಅಷ್ಟು ಗಡಿಬಿಡಿಯಲ್ಲೂ ನನ್ನ ಮನೆಯೊಳಗೆ ಬಂದು, ಪಂಪು ತೆಗೆಯಿರಿ ಎಂದಳು. ಇಬ್ಬರೂ ಒತ್ತಿದೆವು. ಹೂಂ, ಹಾಂ ಎಂದಳು. ಮುಳ್ಳು ಪಟ್ಟಿಯ ತುದಿ ಮುಟ್ಟಿದ ಮೇಲೆ ಬೆವರೊರೆಸಿಕೊಂಡು, "ಇವತ್ತಿನ ಮುಯ್ಯಿ ನಿಮ್ಮ ಮ್ಯಾಲ ಐತ್ರಿ ಅಕ್ಕಾರ. ಗಂಗಾವತಿಗಿ ಬಂದ ತೀರಸ್ರಿ" ಎಂದಳು. ಟೆಂಪೋದ ಮುಂದಿನ ಸೀಟಿನಲ್ಲಿ ಕೂದಲಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಹೋದಳು.

ಆ ದಿನ ತುಂಬಿದ ಗಾಳಿಯನ್ನು ನಾನು ಹೊಡೆದಿಲ್ಲ. ಬಂದೂಕು ಹಾಸಿಗೆಯ ಪಕ್ಕದ ಮೂಲೆಯಲ್ಲಿದೆ, ಕಿನ್ನಾಳದ ಪೆಟ್ಟಿಗೆಯ ಮೇಲೆ ಈಗ ಹಿಟ್ಟಿನ ಡಬ್ಬಿಗಳಿವೆ. ಭಾವ ಮತ್ತೊಮ್ಮೆ ಕಂಪ್ರೆಸರಿನ ಮಾತು ತೆಗೆದ. ಈಗಿನವು ಸದ್ದೂ ಮಾಡುವುದಿಲ್ಲವಂತೆ, ತುಂಬಿದೊಡನೆ ತಾವೇ ನಿಲ್ಲುತ್ತವಂತೆ, ಯಾರೂ ಬೇಡವಂತೆ. ನಾನು ಆ ಬೇಸಿಗೆಯೆಲ್ಲ ಹುಡುಕಿದ್ದು ಅದನ್ನೇ. ಬೇಡವೆಂದೆ.

ಗಂಗಾವತಿಗೆ ಬಸ್ಸಿಗೇನೂ ಬರವಿಲ್ಲ. ಮೊದಮೊದಲು ವೈನಿ ಫೋನ್ ಮಾಡಿ, ಮುಯ್ಯಿ ಯಾವಾಗ ತೀರಿಸುತ್ತೀರಿ ಎಂದು ಕೇಳುತ್ತಿದ್ದಳು. ಬರುವ ವಾರ ಎನ್ನುತ್ತಿದ್ದೆ. ಹೋಗಿ ಒಂದು ಮಧ್ಯಾಹ್ನ ಅವಳ ಪಡಸಾಲೆಯಲ್ಲಿ ಕೂತು ಕೂದಲು ಬಿಡಿಸಿ ಬಂದರೆ ಅಲ್ಲಿಗೆ ತೀರುತ್ತದೆ. ತೀರಿದ ಮೇಲೆ ನನ್ನನ್ನು ಕೇಳಲು ಅವಳಿಗೆ ಏನೂ ಉಳಿಯುವುದಿಲ್ಲ ಎಂಬುದೇ ನನ್ನ ಹೆದರಿಕೆ. ನನ್ನ ಮೇಲೆ ಇರುವ ಹಂಗು ಅದೊಂದೇ, ಅದನ್ನೂ ಕಳೆದುಕೊಂಡರೆ ನಾನು ಹಟ ತೊಟ್ಟಿದ್ದಂತೆಯೇ ಯಾರ ಹಂಗೂ ಇಲ್ಲದವಳಾಗಿಬಿಡುತ್ತೇನೆ.

ಈಚೆಗೆ ಅವಳ ಫೋನು ಕಡಿಮೆಯಾಗಿದೆ. ಬಂದೂಕು ಎಷ್ಟು ಬಿಗಿಯಾಗಿದ್ದರೂ ಎಲ್ಲೋ ಒಂದು ಕಡೆ ಗಾಳಿ ಸೋರುತ್ತದೆ. ನಿನ್ನೆ ಧೂಳೊರೆಸುವಾಗ ನೋಡಿದೆ. ಮುಳ್ಳು ಇಳಿಯುತ್ತಾ ಇಳಿಯುತ್ತಾ, ನಾನೊಬ್ಬಳೇ ಒತ್ತಿ ತಲುಪಬಲ್ಲ ಆ ಹಳೆಯ ಗೆರೆಯ ಹತ್ತಿರ ಬಂದಿದೆ. ಇಬ್ಬರೂ ಸೇರಿ ಒತ್ತಿದ ಗಾಳಿ ಇನ್ನು ಕೂದಲೆಳೆಯಷ್ಟು ಉಳಿದಿದೆ. ಈ ಭಾನುವಾರ ಗಂಗಾವತಿಗೆ ಹೋಗಲೇಬೇಕು ಎಂದುಕೊಂಡಿದ್ದೇನೆ. ಹೋದ ಭಾನುವಾರವೂ ಹಾಗೆಯೇ ಅಂದುಕೊಂಡಿದ್ದೆ.